ಆಟಗಾರ ಬೇಕಾ, ಕಪ್ ಬೇಕಾ? ಬಾಸ್ಟನ್ ಬೇಸ್‌ಬಾಲ್ ಅಭಿಮಾನಿಗಳ ಮುಗಿಯದ ಜಗಳ

2025ರ ಜೂನ್ 15, ಭಾನುವಾರ. ಬಾಸ್ಟನ್ ರೆಡ್ ಸಾಕ್ಸ್ ತಂಡ ತನ್ನ ಹಳೇ ಎದುರಾಳಿ ನ್ಯೂಯಾರ್ಕ್ ಯಾಂಕೀಸನ್ನು ಸತತ ಮೂರನೇ ಪಂದ್ಯದಲ್ಲೂ ಸೋಲಿಸಿತು. ತಂಡದ ತಾರೆ ರಫಾಯೆಲ್ ಡೆವರ್ಸ್ ಒಂದು ಹೋಮ್ ರನ್ (ಕ್ರಿಕೆಟ್‌ನ ಸಿಕ್ಸರ್ ಇದ್ದ ಹಾಗೆ) ಹೊಡೆದರು. ಆ ಖುಷಿ ಇಳಿಯುವ ಮೊದಲೇ ಸುದ್ದಿ ಬಂತು. ಡೆವರ್ಸ್‌ರನ್ನು ಸ್ಯಾನ್ ಫ್ರಾನ್ಸಿಸ್ಕೊ ಜೈಂಟ್ಸ್ ತಂಡಕ್ಕೆ ಟ್ರೇಡ್ ಮಾಡಿಯಾಗಿತ್ತು. ಬದಲಿಗೆ ಬಂದದ್ದು ನಾಲ್ವರು ಆಟಗಾರರು.

ಅಂದಿನಿಂದ ಬಾಸ್ಟನ್‌ನಲ್ಲಿ ಎರಡು ಪಕ್ಷ. ಒಬ್ಬ ಆಟಗಾರನಿಗಿಂತ ತಂಡ ದೊಡ್ಡದು, ಗೆದ್ದರೆ ಸಾಕು ಅನ್ನೋದು ಒಂದು ಪಕ್ಷ. ನಾವು ದುಡ್ಡು ಕೊಟ್ಟು ನೋಡಲು ಬರುವುದು ಯಾರನ್ನ ಹಾಗಾದರೆ ಅನ್ನೋದು ಇನ್ನೊಂದು. ಎರಡೂ ಕಡೆಯವರು ಹಳೇ ಹೆಸರುಗಳನ್ನು, ಇಸವಿಗಳನ್ನು ಎಳೆದು ತರುತ್ತಾರೆ. ಹೊಸಬರಿಗೆ ತಲೆಬುಡ ಗೊತ್ತಾಗುವುದಿಲ್ಲ.

ನಮ್ಮ ಐಪಿಎಲ್ ನೋಡಿದವರಿಗೆ ಈ ಸಂಕಟ ಪೂರ್ತಿ ಹೊಸದಲ್ಲ. 2018ರ ಹರಾಜಿನಲ್ಲಿ ಕೆ.ಎಲ್. ರಾಹುಲ್ ಪಂಜಾಬ್ ಪಾಲಾದದ್ದು ನೆನಪಿರಬೇಕಲ್ವಾ? ಆದರೆ ಆರ್‌ಸಿಬಿ ಅಭಿಮಾನಿಗಳ ಅದೃಷ್ಟ ಬೇರೆ. ಅವರು 18 ಸೀಸನ್ ಕಾದರು, ಕೊಹ್ಲಿಯೂ ಅವರ ಜೊತೆಗೇ ಕಾದರು. ಆಟಗಾರ, ಕಪ್ ಎರಡೂ ಒಟ್ಟಿಗೇ ಸಿಕ್ಕವು, ಅದೂ ಡೆವರ್ಸ್ ಹೋದ ಅದೇ ಜೂನ್ ತಿಂಗಳಲ್ಲಿ.

ಬೇಸ್‌ಬಾಲ್‌ನ ನಿಯಮ ಇನ್ನೂ ಗಡುಸು. ಸೀಸನ್ ನಡೆಯುತ್ತಿರುವಾಗಲೇ ಆಟಗಾರನನ್ನು ಬೇರೆ ಊರಿಗೆ ಕಳಿಸಬಹುದು. ಒಪ್ಪಂದದಲ್ಲಿ ಬರೆದಿಲ್ಲದಿದ್ದರೆ ಅವನ ಒಪ್ಪಿಗೆಯೂ ಬೇಕಿಲ್ಲ. 1970ರ ದಶಕದ ಆರಂಭದಲ್ಲಿ ಬಂದ ಒಂದು ರಿಯಾಯಿತಿ ಮಾತ್ರ ಇದೆ: ದೊಡ್ಡ ಲೀಗ್‌ನಲ್ಲಿ 10 ವರ್ಷ ಆಡಿ, ಅದರಲ್ಲಿ ಕೊನೆಯ 5 ವರ್ಷ ಒಂದೇ ತಂಡದಲ್ಲಿದ್ದರೆ ‘ನಾನು ಹೋಗಲ್ಲ’ ಎನ್ನಬಹುದು. ಈ ಲೆಕ್ಕ ನೆನಪಿಟ್ಟುಕೊಳ್ಳಿ. ಮುಂದೆ ಬರುವ ಟ್ರೇಡ್‌ಗಳಲ್ಲಿ ಯಾರಿಗೂ ಆ ಹಕ್ಕು ಇನ್ನೂ ಬಂದಿರಲಿಲ್ಲ.

ಹಳೇ ಕಥೆಯನ್ನು ಬೇಗ ಮುಗಿಸೋಣ. 1918ರಲ್ಲಿ ಕಪ್, ಅಂದರೆ ವರ್ಲ್ಡ್ ಸೀರೀಸ್ ಎಂಬ ಫೈನಲ್ ಸರಣಿ ಗೆದ್ದ ರೆಡ್ ಸಾಕ್ಸ್, 1920ರ ಜನವರಿಯಲ್ಲಿ ತನ್ನ ತಾರೆ ಬೇಬ್ ರೂತ್‌ರನ್ನು 1 ಲಕ್ಷ ಡಾಲರ್‌ಗೆ ಯಾಂಕೀಸ್‌ಗೆ ಮಾರಿತು. ಆಮೇಲೆ ದಶಕಗಳ ಬರ. ಟೆಡ್ ವಿಲಿಯಮ್ಸ್ 1939ರಿಂದ 1960ರವರೆಗೆ, ಕಾರ್ಲ್ ಯಾಸ್ಟ್ರೆಮ್ಸ್ಕಿ 1961ರಿಂದ 1983ರವರೆಗೆ ಇದೇ ತಂಡಕ್ಕೆ ಆಡಿ, ವರ್ಲ್ಡ್ ಸೀರೀಸ್ ಗೆಲ್ಲದೆಯೇ ನಿವೃತ್ತರಾದರು. ಊರು ಇಬ್ಬರನ್ನೂ ತಲೆ ಮೇಲೆ ಹೊತ್ತು ಮೆರೆಸಿತು ಅಂತ ಈಗ ಹೇಳುತ್ತಾರೆ. ನಿಜ, ಆದರೆ ಪೂರ್ತಿ ನಿಜವಲ್ಲ. 1960ರಲ್ಲಿ ತಂಡದ ತವರು ಮೈದಾನ ಫೆನ್ವೇ ಪಾರ್ಕ್‌ನಲ್ಲಿ ವಿಲಿಯಮ್ಸ್ ಆಡಿದ ಕೊನೆಯ ಪಂದ್ಯಕ್ಕೆ ಬಂದವರು 10,454 ಜನ. ಅರ್ಧಕ್ಕಿಂತ ಜಾಸ್ತಿ ಕುರ್ಚಿ ಖಾಲಿ. ಪ್ರೀತಿ ಇತ್ತು, ಟಿಕೆಟ್ ಕೊಳ್ಳುವವರು ಇರಲಿಲ್ಲ.

ಆ ಕಾಲದಲ್ಲಿ ಆಟಗಾರ ತಾನಾಗಿ ತಂಡ ಬಿಡುವಂತಿರಲಿಲ್ಲ. ಸೇಂಟ್ ಲೂಯಿಸ್‌ನ ಕರ್ಟ್ ಫ್ಲಡ್ 1969ರಲ್ಲಿ ತಮ್ಮ ಟ್ರೇಡ್ ಒಪ್ಪದೆ ಕೋರ್ಟಿಗೆ ಹೋಗಿ, 1972ರಲ್ಲಿ ಸುಪ್ರೀಂ ಕೋರ್ಟ್‌ನಲ್ಲಿ ಸೋತರು. 1975ರ ಕೊನೆಗೆ ಮಧ್ಯಸ್ಥಗಾರರೊಬ್ಬರ ತೀರ್ಪಿನಿಂದ ದಾರಿ ತೆರೆಯಿತು. ಒಪ್ಪಂದ ಮುಗಿದವರು ಬೇಕಾದ ಕಡೆ ಹೋಗುವಂತಾಯಿತು. ಆಗಿನಿಂದ ನಿಷ್ಠೆಯ ಪ್ರಶ್ನೆ ಎರಡೂ ಕಡೆಯಿಂದ ಏಳುತ್ತದೆ: ತಂಡ ಅವನನ್ನು ಕಳಿಸಿತಾ, ಅವನೇ ಹೋದನಾ?

ಈಗಿನ ಜಗಳದ ಬೇರು ಇರುವುದು 2004ರಲ್ಲಿ.

ನೋಮಾರ್ ಗಾರ್ಸಿಯಪಾರ ಅಂದರೆ ಆಗ ಬಾಸ್ಟನ್‌ಗೆ ಮನೆಮಗ. 1994ರಲ್ಲಿ ತಂಡವೇ ಕಾಲೇಜಿನಿಂದ ಆರಿಸಿ ಬೆಳೆಸಿದ ಶಾರ್ಟ್‌ಸ್ಟಾಪ್ (ಬ್ಯಾಟರ್ ಓಡಿ ಮುಟ್ಟಬೇಕಾದ ಎರಡನೇ, ಮೂರನೇ ಬೇಸ್‌ಗಳ ನಡುವೆ ನಿಲ್ಲುವ ಫೀಲ್ಡರ್). 1997ರಲ್ಲಿ ವರ್ಷದ ಹೊಸ ಆಟಗಾರ, 1999 ಮತ್ತು 2000ದಲ್ಲಿ ಬ್ಯಾಟಿಂಗ್ ಸರಾಸರಿಯಲ್ಲಿ ಲೀಗ್‌ಗೇ ಮೊದಲಿಗ. ಪ್ರತಿ ಎಸೆತಕ್ಕೂ ಮೊದಲು ಗ್ಲೌಸ್ ಎಳೆದು ಎಳೆದು ಸರಿಮಾಡಿಕೊಂಡು, ಕಾಲ್ಬೆರಳು ತಟ್ಟುವ ಅವರ ಅಭ್ಯಾಸವನ್ನು ಊರಿನ ಹುಡುಗರೆಲ್ಲ ನಕಲು ಮಾಡುತ್ತಿದ್ದರು.

2003ರ ಅಕ್ಟೋಬರ್‌ನಲ್ಲಿ ರೆಡ್ ಸಾಕ್ಸ್ ವರ್ಲ್ಡ್ ಸೀರೀಸ್‌ಗೆ ಮುಂಚಿನ ಸರಣಿಯಲ್ಲಿ ಯಾಂಕೀಸ್ ಎದುರು ಕೊನೆಯ, ಏಳನೇ ಪಂದ್ಯದಲ್ಲಿ, ಮಾಮೂಲಿ 9 ದಾಟಿ 11ನೇ ಇನಿಂಗ್ಸ್‌ನಲ್ಲಿ ಸೋತಿತು. ಆ ಚಳಿಗಾಲದಲ್ಲಿ ತಂಡ ಅಲೆಕ್ಸ್ ರಾಡ್ರಿಗಸ್‌ರನ್ನು ತರಲು ಹೊರಟಿತು. ಅವರೂ ಶಾರ್ಟ್‌ಸ್ಟಾಪ್. ಅವರು ಬಂದರೆ ನೋಮಾರ್ ಶಿಕಾಗೋ ವೈಟ್ ಸಾಕ್ಸ್‌ಗೆ ಅನ್ನೋದು ಯೋಜನೆ. ರಾಡ್ರಿಗಸ್ ಸಂಬಳ ಕಡಿತಕ್ಕೆ ಆಟಗಾರರ ಸಂಘ ಒಪ್ಪದೆ ಅದು ಮುರಿದುಬಿತ್ತು. ಆದರೆ ವಿಷಯ ಎಲ್ಲರಿಗೂ ಗೊತ್ತಾಗಿತ್ತು. ತನ್ನನ್ನು ಕಳಿಸಲು ಹೊರಟಿದ್ದ ತಂಡಕ್ಕೇ ಮರುವರ್ಷ ಆಡಬೇಕು ಅಂದರೆ ಯಾರಿಗೆ ಮನಸ್ಸಿರುತ್ತದೆ? ಅದರ ಮೇಲೆ ಹಿಮ್ಮಡಿ ಗಾಯ, ಒಪ್ಪಂದದ ಕೊನೆಯ ವರ್ಷ. ಜುಲೈ 1ರಂದು ಯಾಂಕೀಸ್‌ನ ಡೆರೆಕ್ ಜೀಟರ್ ಚೆಂಡು ಹಿಡಿಯಲು ಪ್ರೇಕ್ಷಕರ ಮೇಲೆ ಬಿದ್ದು ಮುಖಕ್ಕೆ ಗಾಯ ಮಾಡಿಕೊಂಡ ಪಂದ್ಯದಲ್ಲಿ ನೋಮಾರ್ ಬೆಂಚಿನ ಮೇಲಿದ್ದರು. ಆ ಎರಡು ದೃಶ್ಯವನ್ನು ಟಿವಿಯಲ್ಲಿ ಅಕ್ಕಪಕ್ಕ ನೋಡಿದ ಮೇಲೆ ನೋಮಾರ್‌ಗೆ ಈ ತಂಡಕ್ಕೆ ಆಡುವ ಮನಸ್ಸಿದೆಯಾ ಅನ್ನೋ ಅನುಮಾನ ಶುರುವಾಯಿತು.

ಜುಲೈ 31, ಟ್ರೇಡ್‌ಗೆ ಕೊನೆಯ ದಿನ. ನಾಲ್ಕು ತಂಡಗಳ ನಡುವಿನ ಒಪ್ಪಂದದಲ್ಲಿ ನೋಮಾರ್ ಶಿಕಾಗೋ ಕಬ್ಸ್‌ಗೆ ಹೋದರು. ಬಂದವರು ಒರ್ಲಾಂಡೊ ಕ್ಯಾಬ್ರೆರಾ ಮತ್ತು ಡಗ್ ಮಿಂಟ್‌ಕೇವಿಚ್, ಇಬ್ಬರೂ ಫೀಲ್ಡಿಂಗ್‌ಗೆ ಹೆಸರಾದವರು. ಊರು ಕೆಂಡವಾಯಿತು. ಅಕ್ಟೋಬರ್‌ನಲ್ಲಿ ಮತ್ತೆ ಅದೇ ಸರಣಿಯಲ್ಲಿ ಯಾಂಕೀಸ್ ಎದುರು 0-3 ಹಿಂದಿದ್ದ ತಂಡ ಉಳಿದ ನಾಲ್ಕನ್ನೂ ಗೆದ್ದು, ಆಮೇಲೆ ವರ್ಲ್ಡ್ ಸೀರೀಸ್‌ನಲ್ಲಿ ಸೇಂಟ್ ಲೂಯಿಸ್ ಕಾರ್ಡಿನಲ್ಸ್‌ರನ್ನೂ 4-0 ಮುಗಿಸಿ, 86 ವರ್ಷಗಳ ನಂತರ ಕಪ್ ತಂದಿತು. ಕೊನೆಯ ಔಟ್‌ನ ಚೆಂಡು ಹಿಡಿದದ್ದು ಅದೇ ಮಿಂಟ್‌ಕೇವಿಚ್.

ಅಲ್ಲಿಗೆ ತೀರ್ಮಾನ ಆಗಿಹೋಯಿತು: ಟ್ರೇಡ್ ಮಾಡುವ ಆಫೀಸಿನವರದ್ದೇ ಸರಿ, ಅಭಿಮಾನಿಗಳದ್ದು ಬರೀ ಭಾವುಕತೆ. ಆಮೇಲಿನ ಪ್ರತಿ ಟ್ರೇಡ್‌ಗೂ ಇದೇ ಉದಾಹರಣೆ. ಆದರೆ ಒಂದು ವಿಷಯವನ್ನು ಸುಮ್ನೆ ಬಿಟ್ಟುಬಿಡುತ್ತಾರೆ. ಯಾಂಕೀಸ್ ಎದುರಿನ ನಾಲ್ಕನೇ ಪಂದ್ಯದ ಒಂಬತ್ತನೇ ಇನಿಂಗ್ಸ್‌ನಲ್ಲಿ ಎರಡನೇ ಬೇಸ್ ಕದ್ದು (ಅಂದರೆ ಚೆಂಡು ಎಸೆಯುವ ಹೊತ್ತಿಗೇ ಓಡಿ ಅದನ್ನು ತಲುಪಿ) ತಂಡವನ್ನು ಉಳಿಸಿದವರು ಡೇವ್ ರಾಬರ್ಟ್ಸ್. ಅವರು ಬಂದದ್ದು ಅದೇ ದಿನ ನಡೆದ ಇನ್ನೊಂದು ಸಣ್ಣ ಟ್ರೇಡ್‌ನಲ್ಲಿ. ಅದಕ್ಕಾಗಿ ನೋಮಾರ್ ಹೋಗಬೇಕಿರಲಿಲ್ಲ. ಕ್ಯಾಬ್ರೆರಾ ಚೆನ್ನಾಗಿಯೇ ಆಡಿದರು, ಅದನ್ನು ಅಲ್ಲಗಳೆಯುವಂತಿಲ್ಲ. ಆದರೂ ಗೆಲುವು ಎಲ್ಲಾ ನಿರ್ಧಾರವನ್ನೂ ಜಾಣತನ ಮಾಡಿಬಿಡುತ್ತದೆ. ನೋಮಾರ್ 2009ರಲ್ಲಿ ಓಕ್ಲಂಡ್ ಪರ ಆಡಲು ಫೆನ್ವೇಗೆ ಬಂದಾಗ ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಮರುವರ್ಷ ಒಂದೇ ದಿನದ ಒಪ್ಪಂದ ಮಾಡಿಕೊಂಡು ರೆಡ್ ಸಾಕ್ಸ್ ಆಟಗಾರರಾಗಿಯೇ ಅವರು ನಿವೃತ್ತರಾದರು. 2004ರ ಹೀರೊ ಜಾನಿ ಡೇಮನ್‌ಗೆ ಆ ಮರ್ಯಾದೆ ಸಿಗಲಿಲ್ಲ. ಯಾಂಕೀಸ್‌ಗೆ ಹೋಗಿ 2006ರಲ್ಲಿ ವಾಪಸ್ ಬಂದಾಗ ಅವರಿಗೆ ಕೂಗಾಟದ ಸ್ವಾಗತ. ಅವರು ತಾವೇ ಹೋದವರಲ್ವಾ!

2020ರ ಫೆಬ್ರವರಿಯಲ್ಲಿ ಮೂಕಿ ಬೆಟ್ಸ್ ಸರದಿ. ವಯಸ್ಸು 27, 2018ರಲ್ಲಿ ಲೀಗ್‌ನ ಅತ್ಯುತ್ತಮ ಆಟಗಾರ, ಅದೇ ವರ್ಷ ಕಪ್. ಗಾಯ ಇಲ್ಲ, ಮುನಿಸು ಕಾಣಲಿಲ್ಲ. ಒಪ್ಪಂದಕ್ಕೆ ಒಂದು ವರ್ಷ ಬಾಕಿ ಇತ್ತು, ಮುಂದಿನ ಮೊತ್ತ ಹೊಂದಲಿಲ್ಲ. ಸಂಬಳದ ಮಿತಿ ದಾಟಿದರೆ ಕಟ್ಟಬೇಕಾದ ದಂಡವೂ ತಲೆ ಮೇಲಿತ್ತು. ಅವರು ಲಾಸ್ ಏಂಜಲೀಸ್ ಡಾಡ್ಜರ್ಸ್‌ಗೆ ಹೋದರು. ಆ ತಂಡದ ಮ್ಯಾನೇಜರ್, ಬೇಸ್ ಕದ್ದ ಅದೇ ರಾಬರ್ಟ್ಸ್. ಡಾಡ್ಜರ್ಸ್ ಅವರಿಗೆ 12 ವರ್ಷಕ್ಕೆ 36.5 ಕೋಟಿ ಡಾಲರ್ ಕೊಟ್ಟಿತು. 2020, 2024, 2025ರಲ್ಲಿ ಕಪ್ ಗೆದ್ದಿತು. ರೆಡ್ ಸಾಕ್ಸ್ 2020ರಲ್ಲಿ ತನ್ನ ವಿಭಾಗದಲ್ಲಿ ಕೊನೆಯ ಸ್ಥಾನ. ಇಲ್ಲಿ 2004ರ ಪಾಠ ಹೇಳಲು ಹೊರಟವರು ಒಂದು ವ್ಯತ್ಯಾಸ ಮರೆತರು: ನೋಮಾರ್‌ರನ್ನು ಕಳಿಸಿದ್ದು ಆ ವರ್ಷವೇ ಗೆಲ್ಲಲು, ಬೆಟ್ಸ್‌ರನ್ನು ಕಳಿಸಿದ್ದು ಖರ್ಚು ಇಳಿಸಲು.

2023ರ ಜನವರಿಯಲ್ಲಿ ಡೆವರ್ಸ್ ಜೊತೆ 10 ವರ್ಷದ, 31.35 ಕೋಟಿ ಡಾಲರ್ ಒಪ್ಪಂದ ಆದಾಗ ಜನ ಸ್ವಲ್ಪ ಉಸಿರು ಬಿಟ್ಟರು. 2025ರಲ್ಲಿ ಅಲೆಕ್ಸ್ ಬ್ರೆಗ್ಮನ್ ಬಂದರು. ಮೂರನೇ ಬೇಸ್ ಬಳಿಯ ಫೀಲ್ಡಿಂಗ್ ಜಾಗ ಇಬ್ಬರಲ್ಲಿ ಯಾರಿಗೆ ಅನ್ನೋ ವಿಚಾರದಲ್ಲಿ ಮನಸ್ತಾಪ ಬೆಳೆಯಿತು. 2024ರಿಂದ ಶುರುವಾಗಿದ್ದ 10 ವರ್ಷದ ಒಪ್ಪಂದ ಎರಡನೇ ಸೀಸನ್‌ನಲ್ಲೇ ಊರು ಬಿಟ್ಟಿತು. ಡೆವರ್ಸ್ ಇಲ್ಲದ ತಂಡ 2021ರ ನಂತರ ಮೊದಲ ಸಲ ಪ್ಲೇಆಫ್ ತಲುಪಿ, ಅಲ್ಲಿ ಯಾಂಕೀಸ್‌ಗೆ ಸೋತಿತು. ‘ನೋಡಿದ್ರಾ’ ಅನ್ನಲು ಎರಡೂ ಪಕ್ಷಕ್ಕೆ ಸರಕು ಸಿಕ್ಕಿತು. ಸೀಸನ್ ಮುಗಿಯುತ್ತಲೇ ಬ್ರೆಗ್ಮನ್ ಕೂಡ ಒಪ್ಪಂದದಿಂದ ಹೊರಬಂದರು.

ಈ ನಡುವೆ 2025ರ ಆಗಸ್ಟ್‌ನಲ್ಲಿ ತಂಡದ ಹೊಸ ಆಟಗಾರ, 21 ವರ್ಷದ ರೋಮನ್ ಆಂಥನಿ ಜೊತೆ 8 ವರ್ಷದ, 13 ಕೋಟಿ ಡಾಲರ್ ಒಪ್ಪಂದ ಆಗಿದೆ. ಶುರುವಾಗುವುದು 2026ರಿಂದ. ಆಂಥನಿ ದೊಡ್ಡ ಲೀಗ್‌ಗೆ ಬಂದದ್ದು 2025ರ ಜೂನ್‌ನಲ್ಲಿ. ಅವರಿಗೆ 10 ವರ್ಷ ತುಂಬಿ ‘ಹೋಗಲ್ಲ’ ಅನ್ನುವ ಹಕ್ಕು ಬರುವ ಮೊದಲೇ ಆ 8 ವರ್ಷ ಮುಗಿದಿರುತ್ತದೆ.