ಎಕ್ಸ್‌ರೇ ನಾರ್ಮಲ್, ಆದರೂ ಎದೆ ಬಿಗಿಯುತ್ತೆ: ಗಾಳಿ ಎಲ್ಲಿ ನಿಂತಿದೆ ಅಂತ ಸ್ಕ್ಯಾನ್ ಹೇಳುತ್ತಾ?

ಪ್ರಶ್ನೆ: ಮಳವಳ್ಳಿ ಹತ್ತಿರ ನಮ್ಮದು ರೇಷ್ಮೆ ಬೆಳೆ. ಹುಳು ಮನೆಗೆ ಬ್ಲೀಚಿಂಗ್ ಪೌಡರ್ ಹೊಡೆಯುವಾಗ, ಚಂದ್ರಿಕೆಯಿಂದ (ಹುಳು ಗೂಡು ಕಟ್ಟುವ ಬಿದಿರಿನ ತಟ್ಟೆ) ಗೂಡು ಬಿಡಿಸುವಾಗ ಎದೆ ಬಿಗಿದು ಸುಯ್ ಅನ್ನುತ್ತೆ. ಎಕ್ಸ್‌ರೇ ನಾರ್ಮಲ್ ಅಂದರು. ಮೈಸೂರಿಗೆ ಹೋಗಿ ಸಿ.ಟಿ. ಮಾಡಿಸಿದರೆ ಯಾವ ಭಾಗಕ್ಕೆ ಗಾಳಿ ಹೋಗುತ್ತಿಲ್ಲ ಅಂತ ಗೊತ್ತಾಗುತ್ತಾ?

ಉತ್ತರ: ಮಾಮೂಲಿ ಸಿ.ಟಿ.ಯಲ್ಲಿ ಗೊತ್ತಾಗುವುದು ಕಡಿಮೆ. ಮೊದಲು ಬೇಕಿರುವುದು ಸ್ಪೈರೋಮೆಟ್ರಿ, ಅಂದರೆ ಊದುವ ಪರೀಕ್ಷೆ.

ಎಕ್ಸ್‌ರೇ ತೋರಿಸುವುದು ಶ್ವಾಸಕೋಶದ ಆಕಾರವನ್ನು, ಗಾಳಿಯ ಓಡಾಟವನ್ನಲ್ಲ. ವಿ.ಸಿ. ನಾಲೆಯ ಫೋಟೊ ನೋಡಿ ಕಡೇ ಭಾಗದ ಯಾವ ಗದ್ದೆಗೆ ನೀರು ಹತ್ತಿದೆ ಅಂತ ಹೇಳಲು ಬರುವುದಿಲ್ಲವಲ್ಲ, ಹಾಗೆ. ನೀವು ಹೇಳಿದ್ದು ಕೇಳಿದರೆ ಅಸ್ತಮಾದ ಅನುಮಾನ ಬರುತ್ತದೆ. ಅಸ್ತಮಾದಲ್ಲಿ ಶ್ವಾಸನಾಳದ ಒಳಪದರ ಊದಿಕೊಳ್ಳುತ್ತದೆ, ಸುತ್ತಲಿನ ಸ್ನಾಯು ಬಿಗಿಯುತ್ತದೆ, ಅಂಟು ಕಫ ಕೂರುತ್ತದೆ. ನಾಳದ ಒಳ ಅಗಲ ಅರ್ಧಕ್ಕಿಳಿದರೆ ಗಾಳಿಗಾಗುವ ಅಡ್ಡಿ ಸುಮಾರು 16 ಪಟ್ಟು ಏರುತ್ತದೆ. ಇದರಲ್ಲಿ ಬಹುಪಾಲು ನಡೆಯುವುದು 2 ಮಿ.ಮೀ.ಗಿಂತ ಸಣ್ಣ ನಾಳಗಳಲ್ಲಿ. ಅವು ಸಿ.ಟಿ.ಯಲ್ಲೂ ನೇರವಾಗಿ ಕಾಣುವುದಿಲ್ಲ.

ಈ ಬಿಗಿತ ಶ್ವಾಸಕೋಶದ ತುಂಬ ಒಂದೇ ಸಮ ಇರುವುದಿಲ್ಲ. ಒಂದು ನಾಳ ಕಿರಿದಾದರೆ ಅದರಾಚೆಯ ಭಾಗ ಸರಿಯಾಗಿ ಹಿಗ್ಗುವುದಿಲ್ಲ. ಅದು ಹಿಗ್ಗದಿದ್ದರೆ ನಾಳವನ್ನು ಹೊರಕ್ಕೆಳೆದು ತೆರೆದಿಡುವ ಬಲವೂ ಕುಗ್ಗುತ್ತದೆ; ನಾಳ ಇನ್ನಷ್ಟು ಮುಚ್ಚಿಕೊಳ್ಳುತ್ತದೆ. ಅಲ್ಲಿಗೆ ಹೋಗದ ಗಾಳಿ ಪಕ್ಕದ ಭಾಗಕ್ಕೆ ನುಗ್ಗಿ ಅಲ್ಲಿನ ನಾಳಗಳನ್ನು ತೆರೆದೇ ಇಡುತ್ತದೆ. ಹೀಗೆ ಗಾಳಿ ಸಿಕ್ಕ ಜಾಗ, ಸಿಗದ ಜಾಗ ಅಂತ ತೇಪೆ ತೇಪೆಯಾಗಿ ಒಡೆಯುತ್ತದೆ. 2005ರಲ್ಲಿ ನೇಚರ್ ಪತ್ರಿಕೆಯಲ್ಲಿ ಬಂದ ಅಧ್ಯಯನವೊಂದು ಅಸ್ತಮಾ ಇರುವವರ ಪಿ.ಇ.ಟಿ. (ವಿಕಿರಣ ಸೂಸುವ ಗುರುತು ಪದಾರ್ಥ ಬಳಸುವ ಸ್ಕ್ಯಾನ್) ಚಿತ್ರಗಳನ್ನೂ ಗಣಿತದ ಮಾದರಿಯನ್ನೂ ಇಟ್ಟುಕೊಂಡು ಇದನ್ನು ವಿವರಿಸಿತು.

ಈ ತೇಪೆಗಳನ್ನು ಈಗ ಅತ್ಯಂತ ಸ್ಪಷ್ಟವಾಗಿ ತೋರಿಸುವುದು ಕ್ಸೆನಾನ್ ಎಂ.ಆರ್.ಐ. ಕ್ಸೆನಾನ್-129 ವಿಕಿರಣ ಸೂಸುವ ಅನಿಲವಲ್ಲ. ಲೇಸರ್ ನೆರವಿನಿಂದ ಅದರ ಕಾಂತೀಯ ಸಂಕೇತವನ್ನು ಹೆಚ್ಚಿಸಿ, ಚೀಲದಿಂದ ಎಳೆದುಕೊಂಡು 10–15 ಸೆಕೆಂಡು ಉಸಿರು ಹಿಡಿಯಲು ಹೇಳುತ್ತಾರೆ. ಅನಿಲ ತಲುಪಿದಲ್ಲಿ ಬೆಳಕು, ತಲುಪದಲ್ಲಿ ಕಪ್ಪು. ಶ್ವಾಸನಾಳದ ಸ್ನಾಯು ಸಡಿಲಿಸುವ ಸಾಲ್‌ಬ್ಯುಟಮಾಲ್ ಔಷಧಿ ಕೊಟ್ಟ ಮೇಲೆ ಮತ್ತೆ ಚಿತ್ರ ತೆಗೆದಾಗ ಮಾಯವಾದ ಕಪ್ಪು ಸ್ನಾಯು ಬಿಗಿತದ್ದು. ಉಳಿದುಕೊಂಡದ್ದರ ಹಿಂದೆ ಹೆಚ್ಚಾಗಿ ಉರಿಯೂತ, ಕಫದ ಗಡ್ಡೆ ಇರುತ್ತವೆ. ಅಮೆರಿಕದಲ್ಲಿ 2022ರ ಡಿಸೆಂಬರ್‌ನಲ್ಲಿ ಇದಕ್ಕೆ ಅನುಮತಿ ಸಿಕ್ಕಿತು. ನಮ್ಮ ಕಡೆ ಇದು ದಿನನಿತ್ಯದ ಪರೀಕ್ಷೆಯಲ್ಲ, ಇದಕ್ಕಾಗಿ ಊರೂರು ಅಲೆಯಬೇಡಿ.

ಸಿ.ಟಿ. ಬೇಕಾಗುವುದು ಕಾಯಿಲೆ ಔಷಧಿಗೆ ಬಗ್ಗದಿದ್ದಾಗ, ಅಥವಾ ಕಂದು ಬಣ್ಣದ ಗಟ್ಟಿ ಕಫ ಬರುತ್ತಿದ್ದಾಗ. ಎರಡನೆಯದರಲ್ಲಿ ಆಸ್ಪರ್ಜಿಲ್ಲಸ್ ಬೂಷ್ಟಿನ ಅಲರ್ಜಿಯ ಅನುಮಾನವಿರುತ್ತದೆ; ರಕ್ತದಲ್ಲಿ ಐ.ಜಿ.ಇ. (ಅಲರ್ಜಿಯಲ್ಲಿ ಏರುವ ಪ್ರತಿಕಾಯ) ಕೂಡ ನೋಡಬೇಕು. ಗಾಳಿ ಸಿಕ್ಕಿಹಾಕಿಕೊಂಡ ಜಾಗ ಕಾಣಬೇಕಿದ್ದರೆ ಉಸಿರು ಪೂರ್ತಿ ಹೊರಬಿಟ್ಟ ಸ್ಥಿತಿಯಲ್ಲೂ ಚಿತ್ರ ತೆಗೆಯಬೇಕು. ಕೆಡುವುದು ಇಲ್ಲೇ: ರೋಗಿ ಅರೆಬರೆ ಉಸಿರು ಬಿಟ್ಟರೆ ಚಿತ್ರದಿಂದ ಉಪಯೋಗವಿಲ್ಲ. ಸರಿಯಾಗಿ ಬಿಟ್ಟಿದ್ದರೆ ದೊಡ್ಡ ಶ್ವಾಸನಾಳದ ಹಿಂಬದಿ ಗೋಡೆ ಒಳಕ್ಕೆ ಬಾಗಿರುತ್ತದೆ. ಎದೆಯ ಸಿ.ಟಿ.ಯ ವಿಕಿರಣ ಒಂದು ಎಕ್ಸ್‌ರೇಗಿಂತ ಹತ್ತಾರು ಪಟ್ಟು ಹೆಚ್ಚು, ಹಾಗಾಗಿ ಸಮಾಧಾನಕ್ಕೆಂದು ಮಾಡಿಸುವ ಪರೀಕ್ಷೆ ಅದಲ್ಲ.

ಸ್ಪೈರೋಮೆಟ್ರಿಯಲ್ಲಿ ಒಮ್ಮೆ ಊದಿಸಿ, ಸಾಲ್‌ಬ್ಯುಟಮಾಲ್ 400 ಮೈಕ್ರೋಗ್ರಾಂ (100ರ ನಾಲ್ಕು ಪಫ್) ಕೊಟ್ಟು, 15 ನಿಮಿಷ ಬಿಟ್ಟು ಮತ್ತೆ ಊದಿಸುತ್ತಾರೆ. ಮೊದಲ ಸೆಕೆಂಡಿನಲ್ಲಿ ಹೊರಬರುವ ಗಾಳಿ 12 ಶೇಕಡಾ ಮತ್ತು 200 ಮಿ.ಲೀ. ಎರಡನ್ನೂ ದಾಟಿ ಹೆಚ್ಚಿದರೆ ಅಸ್ತಮಾಕ್ಕೆ ಬಲವಾದ ಆಧಾರ. ತುಟಿಯ ಸಂದಿಯಲ್ಲಿ ಗಾಳಿ ಸೋರಿದರೆ, ಮಧ್ಯದಲ್ಲಿ ಊದುವುದು ನಿಂತರೆ ಲೆಕ್ಕ ತಪ್ಪುತ್ತದೆ. ಪರೀಕ್ಷೆಗೆ ಮುಂಚೆ ಯಾವ ಇನ್ಹೇಲರ್ ಎಷ್ಟು ಹೊತ್ತು ಬಿಡಬೇಕು ಎಂದು ವೈದ್ಯರನ್ನು ಕೇಳಿ. ಆದರೆ ಉಸಿರಾಟ ಕಷ್ಟವಾದರೆ ಇನ್ಹೇಲರ್ ಬಿಡಲೇಬೇಡಿ.

ಎದೆ ಸರಾಗವಾಗಿರುವ ದಿನ ಊದಿದರೆ ಅದೂ ನಾರ್ಮಲ್ ಬರಬಹುದು. ನಿಮ್ಮಂಥವರಿಗೆ ಪೀಕ್ ಫ್ಲೋ ಮೀಟರ್ (ಊದಿದ ಗಾಳಿಯ ವೇಗ ಅಳೆಯುವ ಸಣ್ಣ ಕೈಸಾಧನ) ಹೆಚ್ಚು ಉಪಯೋಗ. ಒಂದು ಬೆಳೆ ಪೂರ್ತಿ, ಆಮೇಲೆ ಬಿಡುವಿನ ಎರಡು ವಾರ, ದಿನಕ್ಕೆ ನಾಲ್ಕು ಸಲ ಊದಿ. ಪ್ರತಿ ಸಲ ಮೂರರಲ್ಲಿ ಹೆಚ್ಚಿನದ್ದನ್ನು ಬರೆದಿಡಿ. ಪೌಡರ್ ಹೊಡೆದ ದಿನ, ಗೂಡು ಬಿಡಿಸಿದ ದಿನಗಳಿಗೆ ಗುರುತು ಹಾಕಿ. ಆ ಹಾಳೆ ನೋಡಿದ ವೈದ್ಯರಿಗೆ ಸಿ.ಟಿ.ಗಿಂತ ಹೆಚ್ಚು ತಿಳಿಯುತ್ತದೆ.

ಗಾಳಿ ಹೋಗದ ಜಾಗಕ್ಕೆ ಇನ್ಹೇಲರ್ ಔಷಧಿಯೂ ಸರಿಯಾಗಿ ಹೋಗುವುದಿಲ್ಲ ಎಂಬುದು ನೆನಪಿರಲಿ. ಇನ್ಹೇಲರ್‌ಗೆ ಸ್ಪೇಸರ್ (ಪಫ್ ತುಂಬಿಕೊಳ್ಳುವ ಪ್ಲಾಸ್ಟಿಕ್ ಕೊಳವೆ) ಹಾಕಿ, ಒಂದು ಸಲಕ್ಕೆ ಒಂದೇ ಪಫ್, ನಿಧಾನವಾಗಿ ಎಳೆದು 10 ಸೆಕೆಂಡು ಹಿಡಿಯಿರಿ. ಸ್ಟೀರಾಯ್ಡ್ ಇನ್ಹೇಲರ್ ಆದರೆ ಬಳಿಕ ಬಾಯಿ ಮುಕ್ಕಳಿಸಿ. ಮಾತು ಪೂರ್ತಿ ಮಾಡಲಾಗದಷ್ಟು ಉಸಿರು ಕಟ್ಟಿದರೆ ಪಫ್ ತೆಗೆದುಕೊಳ್ಳುತ್ತಲೇ ಆಸ್ಪತ್ರೆಗೆ ಹೊರಡಿ. ಆ ಹೊತ್ತಿನಲ್ಲಿ ಮಾತ್ರೆ ಅಥವಾ ಚುಚ್ಚುಮದ್ದಿನ ಸ್ಟೀರಾಯ್ಡ್ ಬೇಕಾಗುತ್ತದೆ, ಅದು ಮುಚ್ಚಿದ ನಾಳಕ್ಕೂ ರಕ್ತದ ಮೂಲಕ ತಲುಪುತ್ತದೆ.