ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡಬೇಕಾದ ಕೇಸುಗಳು

2000ನೇ ಇಸವಿಯ ಮೇ 7, ಭಾನುವಾರ ಬೆಳಿಗ್ಗೆ. ಅಮೆರಿಕದ ಫ್ಲೋರಿಡಾದಲ್ಲಿರುವ ಜಾಕ್ಸನ್‌ವಿಲ್‌ನ ಒಂದು ಹೋಟೆಲಿನ ಹೊರಗೆ, ಪ್ರವಾಸಕ್ಕೆ ಬಂದಿದ್ದ ಮಹಿಳೆಯೊಬ್ಬರನ್ನು ಯಾರೋ ಗುಂಡಿಕ್ಕಿ ಕೊಂದರು. ಪಕ್ಕದಲ್ಲೇ ಗಂಡ ಇದ್ದರು. ಕೊಂದವನು ಕಪ್ಪು ಜನಾಂಗದವನು, ಇಪ್ಪತ್ತು ದಾಟಿದವನು ಅಂತ ಪೊಲೀಸರಿಗೆ ಹೇಳಿದರು. ಅದಾಗಿ ಸ್ವಲ್ಪ ಹೊತ್ತಿಗೆ, ಕೆಲಸಕ್ಕೆ ಅರ್ಜಿ ಹಾಕಲು ನಡೆದು ಹೋಗುತ್ತಿದ್ದ 15 ವರ್ಷದ ಕಪ್ಪು ಹುಡುಗನೊಬ್ಬನನ್ನು ಪೊಲೀಸರು ನಿಲ್ಲಿಸಿ, ಕರೆದುಕೊಂಡು ಬಂದು ಆ ಗಂಡನಿಗೆ ತೋರಿಸಿದರು. ಅವರು ಇವನೇ ಅಂದುಬಿಟ್ಟರು. ತಪ್ಪೊಪ್ಪಿಗೆಗೂ ಹುಡುಗನ ಸಹಿ ಬಿತ್ತು. ಅದು ಹೇಗೆ ಬಿತ್ತು ಅನ್ನುವುದೇ ಬೇರೆ ಕಥೆ, ಈಗ ಬೇಡ. ಆರು ತಿಂಗಳು ಜೈಲಲ್ಲಿದ್ದ. ಕೊನೆಗೆ ಜೂರಿ, ಅಂದರೆ ತೀರ್ಪು ಹೇಳಲು ಕೂರಿಸಿದ ಸಾಮಾನ್ಯ ಜನರ ತಂಡ, ಅವನನ್ನು ಬಿಡುಗಡೆ ಮಾಡಿತು. ಆಮೇಲೆ ಸಿಕ್ಕಿಬಿದ್ದವರು ಬೇರೆ ಇಬ್ಬರು.

ಒಂದು ವಿಚಿತ್ರ ಗಮನಿಸಿ. ಅವನ ಮೇಲೆ ದೊಡ್ಡವರ ಕೋರ್ಟಿನಲ್ಲಿ ಕೇಸು ಹಾಕಿದ್ದರಿಂದಲೇ ಅವನಿಗೆ ಜೂರಿ ಸಿಕ್ಕಿದ್ದು. ಜುವೆನೈಲ್ ಕೋರ್ಟಿನಲ್ಲಿ ಜೂರಿ ಕಡ್ಡಾಯವಲ್ಲ ಅಂತ ಅಲ್ಲಿನ ಸುಪ್ರೀಂ ಕೋರ್ಟ್ 1971ರಲ್ಲೇ ಹೇಳಿದೆ, ಬಹುತೇಕ ರಾಜ್ಯಗಳಲ್ಲಿ ಇಲ್ಲ ಕೂಡ. ಇರುವುದು ಒಬ್ಬರೇ ಜಡ್ಜ್. ತಪ್ಪು ದಾರಿಯಲ್ಲಿ ಸಿಕ್ಕ ಪುರಾವೆಯನ್ನು ಪಕ್ಕಕ್ಕಿಡಬೇಕೋ ಬೇಡವೋ ಅಂತ ತೀರ್ಮಾನಿಸುವವರು ಎಷ್ಟೋ ಸಲ ಅವರೇ, ಪಕ್ಕಕ್ಕಿಟ್ಟ ಮೇಲೆ ಅದನ್ನು ಕೇಳಿಯೇ ಇಲ್ಲ ಅನ್ನುವ ಹಾಗೆ ತೀರ್ಪು ಕೊಡಬೇಕಾದವರೂ ಅವರೇ. ಕಷ್ಟ ಅಲ್ವಾ? ಹಾಗಾಗಿ ಅಪೀಲಿಗೆ ಇಲ್ಲಿ ತೂಕ ಜಾಸ್ತಿ. 1964ರಲ್ಲಿ ಅರಿಜೋನಾದಲ್ಲಿ 15 ವರ್ಷದ ಹುಡುಗನೊಬ್ಬನನ್ನು, ಅಸಭ್ಯ ಫೋನ್ ಕರೆ ಮಾಡಿದ ಅಂತ, 21 ವರ್ಷ ತುಂಬುವವರೆಗೂ ಇಟ್ಟುಕೊಳ್ಳಬಹುದಾದ ಸರ್ಕಾರಿ ಸುಧಾರಣಾ ಶಾಲೆಗೆ ಕಳಿಸಿದಾಗ ಆ ರಾಜ್ಯದಲ್ಲಿ ಜುವೆನೈಲ್ ಕೇಸಿಗೆ ಅಪೀಲೇ ಇರಲಿಲ್ಲ. ಮಕ್ಕಳಿಗೂ ವಕೀಲರ ಹಕ್ಕಿದೆ ಅಂತ 1967ರಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು ಇದೇ ಹುಡುಗನ ಕೇಸಿನಲ್ಲಿ.

ಈಗ ಪೊಲೀಸರು ತಡೆದು ನಿಲ್ಲಿಸುವ ವಿಷಯ. ಸುಪ್ರೀಂ ಕೋರ್ಟಿನ 1968ರ ಟೆರ್ರಿ ತೀರ್ಪಿನ ಪ್ರಕಾರ, ದಾರಿಯಲ್ಲಿ ಹೋಗುವವರನ್ನು ಸ್ವಲ್ಪ ಹೊತ್ತು ತಡೆಯಲು ಪೊಲೀಸರಿಗೆ ಪೂರ್ತಿ ಪುರಾವೆ ಬೇಕಿಲ್ಲ, ಆದರೆ ಅನುಮಾನಕ್ಕೆ ಹೇಳಿಕೊಳ್ಳುವಂಥ ಕಾರಣ ಬೇಕು. ಸುಮ್ನೆ ಯಾಕೋ ಹಾಗನಿಸಿತು ಅಂದರೆ ಆಗುವುದಿಲ್ಲ. 1995ರಲ್ಲಿ ಮಯಾಮಿಯಲ್ಲಿ ಹೆಸರು ಹೇಳದೆ ಯಾರೋ ಫೋನ್ ಮಾಡಿದರು, ಬಸ್ ಸ್ಟಾಪಿನಲ್ಲಿ ಚೌಕಳಿ ಶರ್ಟು ಹಾಕಿದ ಕಪ್ಪು ಹುಡುಗನ ಹತ್ತಿರ ಗನ್ ಇದೆ ಅಂತ. ಪೊಲೀಸರು ಹೋದರು, ಚೌಕಳಿ ಶರ್ಟು ಕಂಡಿತು, ತಡಕಿದರು. 16 ತುಂಬಲು ಇನ್ನೂ ಕೆಲವು ದಿನ ಇದ್ದ ಆ ಹುಡುಗನ ಜೇಬಿನಲ್ಲಿ ಗನ್ ಸಿಕ್ಕಿಯೂಬಿಟ್ಟಿತು. ಆದರೂ 2000ದಲ್ಲಿ ಸುಪ್ರೀಂ ಕೋರ್ಟಿನ ಒಂಬತ್ತೂ ನ್ಯಾಯಮೂರ್ತಿಗಳು ಹುಡುಗನ ಪರವಾಗಿ ತೀರ್ಪು ಕೊಟ್ಟರು. ತಡೆಯುವ ಮೊದಲು ಪೊಲೀಸರಿಗೆ ಏನು ಗೊತ್ತಿತ್ತು ಅನ್ನುವುದಷ್ಟೇ ಲೆಕ್ಕ, ಆಮೇಲೆ ಏನು ಸಿಕ್ಕಿತು ಅನ್ನುವುದಲ್ಲ. ಕೇಳಿದ ಕೂಡಲೇ ಕೋಪ ಬರುವ ನಿಯಮ ಇದು, ನನಗೂ ಬಂದಿತ್ತು. ಆದರೆ ಏನೂ ಸಿಗದೆ ಬಿಟ್ಟುಕಳಿಸಿದ ಹುಡುಗರು ಕೋರ್ಟಿಗೆ ಬರುವುದೇ ಇಲ್ಲವಲ್ಲ, ನಮಗೆ ಕಾಣಿಸುವುದು ಸಿಕ್ಕಿಬಿದ್ದವರು ಮಾತ್ರ.

ನಮ್ಮಲ್ಲಿ ಮ್ಯಾಜಿಸ್ಟ್ರೇಟರ ಎದುರು ಒಂದೇ ಥರದ ಚಹರೆಯ ಹಲವರ ನಡುವೆ ಆರೋಪಿಯನ್ನು ನಿಲ್ಲಿಸಿ ನಡೆಸುವ ಗುರುತು ಪರೇಡ್ ಗೊತ್ತಲ್ಲ, ಅಲ್ಲಿ ಲೈನಪ್ ಅನ್ನುವುದೂ ಸುಮಾರಾಗಿ ಅದೇ. ಜಾಕ್ಸನ್‌ವಿಲ್‌ನಲ್ಲಿ ಮಾಡಿದ ‘ಷೋ-ಅಪ್’ ಅದಲ್ಲ. ಅದರಲ್ಲಿ ಒಬ್ಬನೇ ಹುಡುಗ, ಪಕ್ಕದಲ್ಲಿ ಪೊಲೀಸರು, ಕೆಲವೊಮ್ಮೆ ಕೈಗೆ ಕೋಳ. ಉತ್ತರ ಪ್ರಶ್ನೆಯಲ್ಲೇ ಇದೆ.

ಇನ್ನು ನೆನಪಿನ ಕಥೆ ಕೇಳಿ. 2004ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಸೆರೆ ಸಿಕ್ಕರೆ ಹೇಗೆ ತಡೆದುಕೊಳ್ಳಬೇಕು ಅಂತ ತರಬೇತಿ ಪಡೆಯುತ್ತಿದ್ದ 500ಕ್ಕೂ ಹೆಚ್ಚು ಅಮೆರಿಕನ್ ಸೈನಿಕರನ್ನು ಪರೀಕ್ಷಿಸಿದರು. ಅರ್ಧ ಗಂಟೆಗೂ ಮೇಲೆ ಎದುರಿಗೇ ನಿಂತು ವಿಚಾರಣೆ ಮಾಡಿದವನನ್ನು ಮರುದಿನ ಲೈನಪ್‌ನಲ್ಲಿ ಗುರುತಿಸಬೇಕಿತ್ತು. ಒತ್ತಡ ಕಡಿಮೆ ಇದ್ದ ವಿಚಾರಣೆಯಲ್ಲಿ ಶೇ. 62ರಷ್ಟು ಜನ ಸರಿಯಾಗಿ ಹೇಳಿದರು, ಮೈಮೇಲೆ ಬೀಳುವಂಥ ವಿಚಾರಣೆಯಲ್ಲಿ ಶೇ. 30 ಮಾತ್ರ. ಸೈನಿಕರ ಕಥೆಯೇ ಹೀಗಾದರೆ, ಕತ್ತಲಲ್ಲಿ ಅರ್ಧ ನಿಮಿಷ ಕುತ್ತಿಗೆಗೆ ಚಾಕು ಹಿಡಿಸಿಕೊಂಡವರ ಪಾಡೇನು? ಬೇರೆ ಜನಾಂಗದ ಮುಖವನ್ನು ತಪ್ಪಾಗಿ ಗುರುತಿಸುವುದು ಜಾಸ್ತಿ ಅನ್ನುವುದೂ ಮತ್ತೆ ಮತ್ತೆ ಕಂಡುಬಂದಿದೆ.

ನನಗೆ ನಿಜಕ್ಕೂ ದಿಗಿಲು ಹುಟ್ಟಿಸಿದ್ದು 1998ರ ಇನ್ನೊಂದು ಪ್ರಯೋಗ. ಗ್ಯಾರಿ ವೆಲ್ಸ್ ಮತ್ತು ಏಮಿ ಬ್ರಾಡ್‌ಫೀಲ್ಡ್ ಮಾಡಿದ್ದು. ಜನರಿಗೆ ವಿಡಿಯೋದಲ್ಲಿ ಒಬ್ಬ ಗನ್ ಹಿಡಿದವನನ್ನು ತೋರಿಸಿ, ಆಮೇಲೆ ಅವನೇ ಇಲ್ಲದ ಫೋಟೋಗಳನ್ನು ಮುಂದಿಟ್ಟರು. ಆರಿಸಿದವರೆಲ್ಲ ತಪ್ಪೇ. ಕೆಲವರಿಗೆ ಮಾತ್ರ, ಒಳ್ಳೆಯದು, ಸರಿಯಾದವನನ್ನೇ ಹಿಡಿದಿರಿ ಅಂತ ಹೇಳಿದರು. ಅಷ್ಟಕ್ಕೇ ಅವರ ಧೈರ್ಯ ಏರಿತು. ಅದು ಹೋಗಲಿ, ಆಗಲೇ ಮುಖ ಚೆನ್ನಾಗಿ ಕಂಡಿತ್ತು, ಗಮನ ಕೊಟ್ಟು ನೋಡಿದ್ದೆ ಅಂತಲೂ ಹೇಳತೊಡಗಿದರು. ಸುಳ್ಳಲ್ಲ, ಹಾಗೇ ನಂಬಿದ್ದರು.

ಇನ್ನು 1977ರಿಂದ ಅಮೆರಿಕದ ಕೋರ್ಟುಗಳು ಗುರುತಿಸಿದ್ದನ್ನು ತೂಗುವ ಐದು ಅಳತೆಗಳಲ್ಲಿ ಮೂರು ಯಾವುವು ಗೊತ್ತಾ? ಎಷ್ಟು ಚೆನ್ನಾಗಿ ಕಂಡಿತು, ಎಷ್ಟು ಗಮನ ಇತ್ತು, ಎಷ್ಟು ಖಚಿತ. ಪೊಲೀಸರ ಒಂದು ಶಹಬ್ಬಾಸ್‌ಗೆ ಬದಲಾಗುವ ಮೂರೂ ಅಲ್ಲೇ ಇವೆ! ನ್ಯೂಜೆರ್ಸಿ ರಾಜ್ಯದ ಸುಪ್ರೀಂ ಕೋರ್ಟ್ 2011ರಲ್ಲಿ ಈ ಅಳತೆಗಳನ್ನು ಬದಲಿಸಿತು.

ಅಪೀಲಿನ ವಕೀಲರಿಗೆ ಇದೆಲ್ಲ ಗೊತ್ತು. ಆದರೆ ಮೇಲಿನ ಕೋರ್ಟು ಸಾಕ್ಷಿಯನ್ನು ಮತ್ತೆ ಕರೆಸುವುದಿಲ್ಲ, ಕಡತ ಓದುತ್ತದೆ. ಯಾರನ್ನು ನಂಬಬೇಕು ಅನ್ನುವುದನ್ನು ಸಾಮಾನ್ಯವಾಗಿ ಕೆಳಗಿನ ಜಡ್ಜಿಗೇ ಬಿಡುತ್ತದೆ. ನಿಲ್ಲಿಸಲು ಸಾಕಷ್ಟು ಕಾರಣ ಇತ್ತಾ ಅನ್ನುವುದನ್ನಾದರೆ ಹೊಸದಾಗಿ ನೋಡುತ್ತದೆ. ಹಾಗಾಗಿ ಬುಡಕ್ಕೇ ಕೈ ಹಾಕುವುದು ಜಾಣತನ. ತಡೆದದ್ದೇ ತಪ್ಪು ಅಂತಾದರೆ ಆ ಬೆನ್ನಿಗೇ ನಡೆದ ಷೋ-ಅಪ್ ಕೂಡ ಸಾಮಾನ್ಯವಾಗಿ ಬಿದ್ದುಹೋಗುತ್ತದೆ. ಕೆಳಗಿನ ಕೋರ್ಟಿನಲ್ಲೇ ಆಕ್ಷೇಪ ಎತ್ತಿರಬೇಕು ಅಷ್ಟೆ, ಇಲ್ಲದಿದ್ದರೆ ಬಾಗಿಲು ಹೆಚ್ಚುಕಡಿಮೆ ಮುಚ್ಚಿದ ಹಾಗೆ.

ಆದರೆ ತಡೆದದ್ದು ತಪ್ಪು ಅಂತಾದರೂ ಪೊಲೀಸರ ಕಡೆಗೆ ಒಂದು ಕಿಂಡಿ ಉಳಿದಿದೆ. 1974ರಲ್ಲಿ ವಾಷಿಂಗ್ಟನ್‌ನಲ್ಲಿ, ಸಾರ್ವಜನಿಕ ಶೌಚಾಲಯದಲ್ಲಿ ಮಹಿಳೆಯೊಬ್ಬರ ದರೋಡೆಯಾಯಿತು. ಪೊಲೀಸರು 16 ವರ್ಷದ ಕ್ರೂಸ್ ಎಂಬ ಹುಡುಗನನ್ನು ಸರಿಯಾದ ಕಾರಣವಿಲ್ಲದೆ ಹಿಡಿದು, ಫೋಟೋ ತೆಗೆದು ಬಿಟ್ಟರು. ಆಕೆ ಮೊದಲು ಫೋಟೋದಲ್ಲಿ ಗುರುತಿಸಿದರು, ಆಮೇಲೆ ಲೈನಪ್‌ನಲ್ಲಿ, ಕೊನೆಗೆ ಕೋರ್ಟಿನಲ್ಲಿ. ಮೊದಲ ಎರಡನ್ನೂ ಕೋರ್ಟು ತೆಗೆದುಹಾಕಿತು. ಮೂರನೆಯದಕ್ಕೆ ಸುಪ್ರೀಂ ಕೋರ್ಟ್ 1980ರಲ್ಲಿ ಒಪ್ಪಿಗೆ ಕೊಟ್ಟಿತು: ಆಕೆಯ ನೆನಪು ಶೌಚಾಲಯದಲ್ಲಿ ಕಂಡ ಮುಖದ್ದು, ಪೊಲೀಸರ ತಪ್ಪು ಅದನ್ನು ಮುಟ್ಟಿಲ್ಲ ಅಂತ. ನಡುವೆ ಎರಡು ಸಲ ಅದೇ ಹುಡುಗನ ಮುಖ ನೋಡಿದ ಮೇಲೂ.