ಬರೀ ತಪಾಸಣೆ ಸಾಲದು ಎಂದು 1946ರಲ್ಲೇ ಹೇಳಿದ್ದರು

ಪರಮಾಣು ಇಂಧನದ ಲೆಕ್ಕ ಇಡುವುದು ನನ್ನ ಕೆಲಸವಾಗಿತ್ತು. ದೊಡ್ಡ ಸ್ಥಾವರದಲ್ಲಿ ಈ ಲೆಕ್ಕ ಪೂರ್ತಿ ತಾಳೆಯಾಗುವುದು ಅಪರೂಪ. ಸ್ವಲ್ಪ ಪೈಪಿನ ಒಳಗೆ ಅಂಟಿರುತ್ತದೆ, ಸ್ವಲ್ಪ ಫಿಲ್ಟರಿನಲ್ಲಿ ಉಳಿದಿರುತ್ತದೆ, ತೂಕದಲ್ಲೂ ಒಂದಿಷ್ಟು ಏರುಪೇರು. ಪುಸ್ತಕದಲ್ಲಿರುವುದಕ್ಕೂ ಕೈಗೆ ಸಿಕ್ಕಿದ್ದಕ್ಕೂ ಅಂತರ ಇದ್ದೇ ಇರುತ್ತದೆ. ಅದು ಅಂಟಿಕೊಂಡಿದ್ದೋ, ಯಾರಾದರೂ ಸಾಗಿಸಿದ್ದೋ? ತಪಾಸಣೆಗೆ ಬಂದವರ ತಲೆನೋವು ಇದೇ.

ಬರೀ ತಪಾಸಣೆಯಿಂದ ಬಾಂಬ್ ತಡೆಯಲಾಗದು ಎಂದು ಐದು ಜನ 1946ರ ಮಾರ್ಚ್‌ನಲ್ಲೇ ಬರೆದಿಟ್ಟರು. ಆ ಜನವರಿ 24ರಂದು ವಿಶ್ವಸಂಸ್ಥೆಯ ಮಹಾಸಭೆ ತನ್ನ ಮೊಟ್ಟಮೊದಲ ನಿರ್ಣಯದಲ್ಲೇ ಪರಮಾಣು ಶಕ್ತಿ ಆಯೋಗ ರಚಿಸಿತ್ತು. ಅಲ್ಲಿ ಏನು ಹೇಳಬೇಕೆಂದು ಅಮೆರಿಕ ಈ ಐವರನ್ನು ಕೇಳಿತು. ಅಮೆರಿಕ ಸರ್ಕಾರದ ಅಣೆಕಟ್ಟು-ವಿದ್ಯುತ್ ಯೋಜನೆಯಾದ ಟೆನೆಸ್ಸಿ ಕಣಿವೆ ಯೋಜನೆಯ ಲಿಲಿಯಂಥಾಲ್ ಅಧ್ಯಕ್ಷ. ಒಬ್ಬರು ಟೆಲಿಫೋನ್ ಕಂಪನಿಯ ಮುಖ್ಯಸ್ಥ, ಇಬ್ಬರು ದೊಡ್ಡ ಕಂಪನಿಗಳ ಉಪಾಧ್ಯಕ್ಷರು. ಉಳಿದವರಿಗೆ ಭೌತಶಾಸ್ತ್ರದ ಪಾಠ ಹೇಳಿದವರು ಅಮೆರಿಕದ ಬಾಂಬ್ ತಯಾರಿಯ ಮುಂದಾಳು ವಿಜ್ಞಾನಿ ಓಪನ್‌ಹೈಮರ್.

ಅವರ ವಾದ ಸರಳ. ವಿದ್ಯುತ್ತಿಗೂ ಬಾಂಬಿಗೂ ದಾರಿ ಬಹಳ ದೂರದವರೆಗೆ ಒಂದೇ. ಗಣಿ, ಸಂವರ್ಧನೆ (ಯುರೇನಿಯಂನಲ್ಲಿ ಸುಲಭವಾಗಿ ಸೀಳುವ ಭಾಗವನ್ನು ಹೆಚ್ಚಿಸುವುದು), ಪ್ಲುಟೋನಿಯಂ ತಯಾರಿ ಎಲ್ಲ ದೇಶಗಳ ಕೈಯಲ್ಲೇ ಬಿಟ್ಟು, ಹೊರಗಿನಿಂದ ಪೊಲೀಸರ ಹಾಗೆ ಕಾಯುತ್ತೇವೆ ಅಂದರೆ ಆಗದು. ಬರೀ ಕಾವಲಿನ ಕೆಲಸಕ್ಕೆ ಬುದ್ಧಿವಂತರು ಬರುವುದೂ ಇಲ್ಲ. ಅದಕ್ಕೇ ಅಪಾಯದ ಕೆಲಸವನ್ನೆಲ್ಲ ಒಂದು ಅಂತಾರಾಷ್ಟ್ರೀಯ ಪ್ರಾಧಿಕಾರವೇ ಮಾಡಲಿ, ಯುರೇನಿಯಂ, ಥೋರಿಯಂ ಅದರ ಹಿಡಿತದಲ್ಲಿರಲಿ ಎಂದರು. ಆಗ ಬೇರೆ ಯಾರಾದರೂ ಅಂಥ ಸ್ಥಾವರ ಕಟ್ಟಿದರೆ, ಕಟ್ಟಿದ್ದೇ ತಪ್ಪಿಗೆ ಸಾಕ್ಷಿ. ಗ್ರಾಂ ಲೆಕ್ಕದ ಜಗಳವೇ ಬೇಡ! ಈ ಕೆಲಸದಲ್ಲಿದ್ದವನಾಗಿ ಹೇಳುತ್ತೇನೆ, ಇಷ್ಟು ಸರಿಯಾಗಿ ರೋಗ ಪತ್ತೆ ಹಚ್ಚಿದ ವರದಿ ಆಮೇಲೂ ಬಂದಿಲ್ಲ.

ಸುಲಭವಾಗಿ ಒಪ್ಪುವ ಮಾತಂತೂ ಅಲ್ಲ. ತಿರುವಾಂಕೂರಿನ ಕಡಲತೀರದ ಮೊನಾಜೈಟ್ ಮರಳಿನಲ್ಲಿ ಥೋರಿಯಂ ಇದೆ. ಆಗಷ್ಟೇ ಸ್ವತಂತ್ರವಾಗಲಿದ್ದ ದೇಶ ಅದನ್ನು ಸುಮ್ನೆ ಬಿಟ್ಟುಕೊಡುತ್ತಿತ್ತಾ?

ವರದಿಯನ್ನು ಜಗತ್ತಿನ ಮುಂದಿಡುವ ಕೆಲಸ 75 ವರ್ಷದ ಹಣಕಾಸುಗಾರ ಬರ್ನಾರ್ಡ್ ಬರೂಕ್‌ಗೆ ಸಿಕ್ಕಿತು. ಜೂನ್ 14ರಂದು ನ್ಯೂಯಾರ್ಕ್‌ನಲ್ಲಿ ಮಾತಾಡಿದ ಅವರು ಎರಡು ವಿಷಯ ಸೇರಿಸಿದರು: ತಪ್ಪಿದವರಿಗೆ ಶಿಕ್ಷೆ ಖಚಿತ, ಆ ಶಿಕ್ಷೆಗೆ ವೀಟೋ ಇಲ್ಲ. ಅಮೆರಿಕ ತನ್ನ ಬಾಂಬುಗಳನ್ನು ಕೈಬಿಡುವುದು ನಿಯಂತ್ರಣ ಜಾರಿಯಾದ ಮೇಲೆ. ಐದು ದಿನ ಬಿಟ್ಟು ಸೋವಿಯತ್ ಪ್ರತಿನಿಧಿ ಗ್ರೊಮಿಕೊ ತಿರುಗಿಸಿ ಹೇಳಿದರು: ಮೊದಲು ನಿಷೇಧ, ಇರುವ ಬಾಂಬುಗಳನ್ನು ಮೂರು ತಿಂಗಳಲ್ಲಿ ನಾಶ ಮಾಡಿ. ಜುಲೈ 1ರಂದು ಅಮೆರಿಕ ಬಿಕಿನಿಯಲ್ಲಿ ಬಾಂಬ್ ಪರೀಕ್ಷೆ ನಡೆಸಿತು. ಮಾತುಕತೆ ನಡೆಯುವಾಗ ಇದಕ್ಕಿಂತ ಕೆಟ್ಟ ಸೂಚನೆ ಇನ್ನೇನು ಬೇಕು?

ಹಾಗಂತ ಬರೂಕ್ ಒಬ್ಬರ ಮೇಲೆ ಗೂಬೆ ಕೂರಿಸುವುದು ಸರಿಯಲ್ಲ. ಸ್ಟಾಲಿನ್ 1945ರ ಆಗಸ್ಟ್‌ನಲ್ಲೇ ಬಾಂಬ್ ಕೆಲಸವನ್ನು ರಹಸ್ಯ ಪೊಲೀಸ್ ಮುಖ್ಯಸ್ಥ ಬೆರಿಯಾಗೆ ವಹಿಸಿದ್ದರು. 1946ರ ಡಿಸೆಂಬರ್ 25ರಂದು ಮಾಸ್ಕೋದಲ್ಲಿ ಭೌತವಿಜ್ಞಾನಿ ಕುರ್ಚಾಟೊವ್ ಅವರ ಮೊದಲ ರಿಯಾಕ್ಟರ್ ಚಾಲೂ ಆಯಿತು. ಆಯೋಗ ಬರೂಕ್ ಯೋಜನೆಗೆ ಮತ ಹಾಕಿದ್ದು 30ರಂದು: ಹತ್ತು ಪರ, ಸೋವಿಯತ್ ಮತ್ತು ಪೋಲೆಂಡ್ ತಟಸ್ಥ. ಸೋವಿಯತ್ ಒಪ್ಪದೆ ಅದರಿಂದ ಏನೂ ಆಗುತ್ತಿರಲಿಲ್ಲ. 1949ರ ಆಗಸ್ಟ್‌ನಲ್ಲಿ ಸೋವಿಯತ್ ಬಾಂಬ್ ಸಿಡಿಯಿತು, 1952ರಲ್ಲಿ ಆಯೋಗವನ್ನೇ ಮುಚ್ಚಿದರು.

1957ರಲ್ಲಿ ಬಂದ ಅಂತಾರಾಷ್ಟ್ರೀಯ ಪರಮಾಣು ಶಕ್ತಿ ಸಂಸ್ಥೆ ಹೆಚ್ಚಾಗಿ ಹಿಡಿದಿದ್ದು ತಪಾಸಣೆಯ ದಾರಿಯನ್ನೇ. ಯಾರೂ ಕೈಹಾಕಿಲ್ಲ ಎಂದು ತಿಳಿಯಲು ಹಾಕುವ ಅದರ ಲೋಹದ ಸೀಲಿನ ಒಳಗೆ ಗೀರುಗಳಿರುತ್ತವೆ. ಹಾಕುವ ಮೊದಲೇ ಅವುಗಳ ಚಿತ್ರ ತೆಗೆದಿಡುತ್ತಾರೆ, ಬಿಚ್ಚಿದ ಮೇಲೆ ಹೋಲಿಸಿ ನೋಡುತ್ತಾರೆ. ಬಹಳ ನಾಜೂಕಿನ, ಶ್ರದ್ಧೆಯ ಕೆಲಸ. ಆದರೆ ಸೀಲಿನ ಆಚೆಗಿರುವ ಸ್ಥಾವರ ಆ ದೇಶದ್ದೇ. ಆ ಐವರು ಹೇಳಿದ ಅಂತಾರಾಷ್ಟ್ರೀಯ ಒಡೆತನಕ್ಕೆ ಹತ್ತಿರವಾದದ್ದು ಈಗ ಕಜಕಸ್ತಾನದಲ್ಲಿ ಒಂದಿದೆ. 2019ರಿಂದ ಅಲ್ಲಿ ವಿದ್ಯುತ್ ರಿಯಾಕ್ಟರಿಗೆ ಬೇಕಾದ, ಕಡಿಮೆ ಮಟ್ಟಕ್ಕೆ ಸಂವರ್ಧಿಸಿದ ಯುರೇನಿಯಂ ದಾಸ್ತಾನಿದೆ, ಅದರ ಮಾಲೀಕ ಆ ಸಂಸ್ಥೆಯೇ.